ತಿನ್ನಬಹುದಾದ ಕಾಡುಸಸ್ಯಗಳ ಕ್ಷೇತ್ರ ಕೈಪಿಡಿ

ಹೊಲದ ಬದು, ಕೆರೆಯಂಗಳ, ಕುರುಚಲು, ಕಾಡುಗಳಲ್ಲಿ ತಾನಾಗಿ ಬೆಳೆಯುವ ಸಸ್ಯಗಳಲ್ಲಿ ಯಾವುದು ತಿನ್ನಲು ಯೋಗ್ಯ, ಅದರ ಯಾವ ಭಾಗವನ್ನು ಯಾವ ಕಾಲದಲ್ಲಿ ಹೇಗೆ ಹದಮಾಡಿ ತಿನ್ನಬೇಕು ಎಂಬುದನ್ನು ಗಿಡದ ಎದುರಿಗೇ ನಿಂತು ತಿಳಿಯಲು ನೆರವಾಗುವ, ಕಿಸೆಯಲ್ಲೋ ಹೆಗಲ ಚೀಲದಲ್ಲೋ ಒಯ್ಯಬಹುದಾದ ಪುಸ್ತಕ. ಒಂದು ಪ್ರದೇಶದ ಸಸ್ಯಗಳೆಲ್ಲವನ್ನೂ ದಾಖಲಿಸುವ ಸಸ್ಯಾವಳಿ, ಔಷಧಗುಣಗಳನ್ನು ಹೇಳುವ ನಿಘಂಟು, ಅಡುಗೆ ಪುಸ್ತಕ ಇವುಗಳಿಂದ ಇದು ಬೇರೆ. ಸಸ್ಯಾವಳಿಯಲ್ಲಿ ಗುರುತು ತಪ್ಪಿದರೆ ಒಣಗಿಸಿಟ್ಟ ಮಾದರಿಯ ಮೇಲಿನ ಹೆಸರುಪಟ್ಟಿ ತಪ್ಪಾಗುತ್ತದೆ. ಇಲ್ಲಿ ತಪ್ಪಿದರೆ ವಿಷ ಹೊಟ್ಟೆ ಸೇರುತ್ತದೆ. ಆದ್ದರಿಂದ ಈ ಬಗೆಯ ಕೈಪಿಡಿಯನ್ನು ಅಳೆಯುವಾಗ ಅದು ಎಷ್ಟು ಗಿಡಗಳನ್ನು ತಿನ್ನಲು ಹೇಳುತ್ತದೆ ಎಂಬುದಕ್ಕಿಂತ ಎಷ್ಟನ್ನು ಬಿಡಲು ಕಲಿಸುತ್ತದೆ ಎಂಬುದನ್ನು ಮುಖ್ಯವಾಗಿ ನೋಡಬೇಕು.

ವ್ಯಾಪ್ತಿ

ಸೊಪ್ಪು, ಚಿಗುರು, ಹೂ, ಹಣ್ಣು, ಕಾಳು, ಗೆಡ್ಡೆ, ಕಳಲೆಗಳು ಇಂಥ ಕೈಪಿಡಿಗಳ ಮುಖ್ಯ ವಸ್ತು. ಅಣಬೆಗಳನ್ನು ಕೆಲವರು ಸೇರಿಸುತ್ತಾರೆ. ಆದರೆ ಅಣಬೆಯ ಗುರುತಿಗೆ ಬೇಕಾದ ಲಕ್ಷಣಗಳೇ ಬೇರೆ, ಅದರ ವಿಷದ ನಡೆಯೂ ಬೇರೆ. ಹಾಗಾಗಿ ಅವಕ್ಕೆ ಪ್ರತ್ಯೇಕ ಪುಸ್ತಕ ಇರುವುದೇ ಸರಿ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಕಾಡುಸಸ್ಯ ಎಂಬಲ್ಲಿ ಕಾಡಿನದು ಮಾತ್ರವಲ್ಲದೆ ಬಿತ್ತದೆ ಬೆಳೆದದ್ದೆಲ್ಲವೂ ಸೇರುತ್ತದೆ. ರಾಗಿ ಹೊಲದ ಅಣ್ಣೆಸೊಪ್ಪು, ತೋಟದ ಕಾಲುವೆಯ ಒಂದೆಲಗ, ಗದ್ದೆಯಂಚಿನ ಹೊನಗೊನೆ, ರಸ್ತೆ ಪಕ್ಕದ ಗೋಣಿಸೊಪ್ಪು ಕಾಡು ಕಾಣದ ಊರುಗಳಲ್ಲೂ ಸಿಗುತ್ತವೆ.

ಇತಿಹಾಸ: ಬರಗಾಲದ ಪುಸ್ತಕಗಳು

ಈ ಪ್ರಕಾರ ಹವ್ಯಾಸದಿಂದ ಹುಟ್ಟಿದ್ದಲ್ಲ, ಹಸಿವಿನಿಂದ ಹುಟ್ಟಿದ್ದು. ಇಂದು ನಮಗೆ ದೊರೆಯುವ ಮೊದಲ ಮಹತ್ವದ ಕೃತಿ ಚೀನಾದ ‘ಜಿಯುಹುವಾಂಗ್ ಬೆನ್‌ಚಾವ್’. ಬರಗಾಲದಿಂದ ಪಾರುಮಾಡುವ ಸಸ್ಯಗಳ ಈ ಗ್ರಂಥವನ್ನು 1406ರಲ್ಲಿ ಹೊರತಂದವನು ಮಿಂಗ್ ವಂಶದ ಮೂಲಪುರುಷ ಹಾಂಗ್‌ವು ಚಕ್ರವರ್ತಿಯ ಐದನೆಯ ಮಗ ಝು ಸು. ಅವನ ಸೀಮೆ ಇಂದಿನ ಹೆನಾನ್ ಪ್ರಾಂತದ ಕೈಫೆಂಗ್. ಹಳದಿ ನದಿಯ ಪ್ರವಾಹ ಮತ್ತು ಬರ ಎರಡನ್ನೂ ಕಂಡುಂಡ ನೆಲ ಅದು. ಝು ಸು ರೈತರಿಂದಲೂ ಹಳ್ಳಿಗರಿಂದಲೂ ಸಸ್ಯಗಳ ವಿಷಯ ಕೇಳಿ ತಿಳಿದು, ಗಿಡಗಳನ್ನು ತರಿಸಿ ತನ್ನ ತೋಟದಲ್ಲಿ ನೆಡಿಸಿದ. ಅವು ಬೆಳೆಯುವುದನ್ನು ನೋಡಿ ವಿವರ ಬರೆಸಿದ, ಚಿತ್ರಕಾರರಿಂದ ಚಿತ್ರ ಮಾಡಿಸಿದ.

ಕೃತಿಯಲ್ಲಿರುವ ಸಸ್ಯಗಳು 414. ಅವುಗಳಲ್ಲಿ 245 ಮೂಲಿಕೆಗಳು, 80 ಮರಗಳು, 20 ಧಾನ್ಯಗಳು, 23 ಹಣ್ಣುಗಳು, 46 ತರಕಾರಿಗಳು. 138 ಸಸ್ಯಗಳು ಹಿಂದಿನ ಔಷಧ ಗ್ರಂಥಗಳಲ್ಲಿ ಬಂದಿದ್ದವು, ಉಳಿದ 276 ಹೊಸವು. ಈ ಅಂಕಿಗಿಂತ ದೊಡ್ಡ ಹೊಸತನ ಜೋಡಣೆಯಲ್ಲಿದೆ. ಪ್ರತಿ ವರ್ಗದೊಳಗೂ ಸಸ್ಯಗಳನ್ನು ಎಲೆ ತಿನ್ನುವಂಥವು, ಬೇರು ತಿನ್ನುವಂಥವು, ಕಾಳು ಅಥವಾ ಹಣ್ಣು ತಿನ್ನುವಂಥವು ಎಂದು ತಿನ್ನುವ ಭಾಗದ ಪ್ರಕಾರ ಇಡಲಾಗಿದೆ. ಹಸಿದವನ ಪ್ರಶ್ನೆ ಯಾವುದೆಂದು ಅರಿತು ಮಾಡಿದ ಜೋಡಣೆ ಇದು. ಪ್ರತಿ ಬರಹದಲ್ಲೂ ಗಿಡ ಎಲ್ಲಿ ಬೆಳೆಯುತ್ತದೆ, ಕಾಂಡ ಎಲೆ ಹೂಗಳು ಹೇಗಿವೆ, ರುಚಿ ಯಾವುದು, ಬರದಲ್ಲಿ ಹೇಗೆ ಬಳಸಬೇಕು ಎಂಬ ಅನುಕ್ರಮವಿದೆ. ಎದುರಿಗೆ ಚಿತ್ರವಿದೆ. ಇಂದಿನ ಕೈಪಿಡಿಗಳ ಅಸ್ಥಿಪಂಜರವೂ ಇದೇ.

ಹದಮಾಡುವ ವಿಧಾನಗಳಲ್ಲಿ ಎಲೆ ಬೇಯಿಸುವುದು, ನೀರು ಬದಲಿಸಿ ನೆನೆಹಾಕಿ ಕಹಿ ತೆಗೆಯುವುದು, ಎಣ್ಣೆ ಉಪ್ಪು ಹಾಕಿ ತಿನ್ನುವುದು ಮತ್ತೆಮತ್ತೆ ಬರುತ್ತವೆ. ಒಂದು ಕಡೆ ಅಪರೂಪದ ಸೂಚನೆಯಿದೆ. ಚೆಲಿಡೋನಿಯಂ ಎಂಬ ಹಳದಿ ಸೊನೆಯ ವಿಷಗಿಡದ ಎಲೆಗಳನ್ನು ಶುದ್ಧವಾದ ಮಣ್ಣಿನೊಂದಿಗೆ ಕುದಿಸಿ, ಮಣ್ಣಿನ ಸಮೇತ ಒಂದು ರಾತ್ರಿ ನೆನೆಸಿಟ್ಟು, ಆಮೇಲೆ ನೀರು ಬದಲಿಸಿ ತೊಳೆಯಬೇಕೆಂದು ಅದು ಹೇಳುತ್ತದೆ. ಮಣ್ಣಿನ ಕಣಗಳು ವಿಷಾಂಶವನ್ನು ಹೀರಿಕೊಳ್ಳುವ ತತ್ತ್ವವನ್ನು ಇಲ್ಲಿ ಅನುಭವದಿಂದ ಕಂಡುಕೊಂಡಿದ್ದರೆಂದು ವಿಜ್ಞಾನದ ಇತಿಹಾಸಕಾರರು ಅರ್ಥೈಸುತ್ತಾರೆ. ಅದನ್ನು ಇಂದು ಪ್ರಯೋಗಿಸಬೇಕೆಂದು ಇದರ ಅರ್ಥವಲ್ಲ. ವಿಷಗಿಡವನ್ನೂ ಬಿಡದೆ ಹದಮಾಡಿ ಉಣ್ಣಬೇಕಾಗಿ ಬಂದ ಕಾಲದ ದಾಖಲೆ ಅದು.

1525ರಲ್ಲಿ ಈ ಕೃತಿ ಮರುಮುದ್ರಣವಾಯಿತು. 1639ರಲ್ಲಿ ಪ್ರಕಟವಾದ ಶೂ ಗ್ವಾಂಗ್‌ಚಿಯ ಕೃಷಿ ವಿಶ್ವಕೋಶದೊಳಗೂ ಸೇರಿತು. ಅದರ ದಾರಿಯಲ್ಲೇ ಬಂದ ಎರಡು ಕೃತಿಗಳು ಗಮನಾರ್ಹ. 16ನೆಯ ಶತಮಾನದ ವಾಂಗ್ ಪಾನ್ ಸುಮಾರು 60 ಕಾಡುಸೊಪ್ಪುಗಳಿಗೆ ಚಿತ್ರದೊಂದಿಗೆ ಪದ್ಯವನ್ನೂ ಕಟ್ಟಿದ. ಓದು ಬಾರದವರಿಗೂ ಬಾಯಿಪಾಠವಾಗಿ ಇಂಥ ಪದ್ಯ ಒದಗುತ್ತದೆ. 1622ರ ಬಾವ್ ಶಾನ್ ಕೃತಿ ಸಸ್ಯಗಳ ಸಂಖ್ಯೆಯನ್ನು 435ಕ್ಕೆ ಏರಿಸಿತು. ಜಪಾನಿನಲ್ಲಿ 18ನೆಯ ಶತಮಾನದಲ್ಲಿ ಚೀನೀ ಗ್ರಂಥದ ಆವೃತ್ತಿಗಳು ಬಂದವು. 1802ರಲ್ಲಿ ಯೊನೆಜಾವಾ ಸಂಸ್ಥಾನ ‘ಕಾತೆಮೊನೊ’ ಎಂಬ ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿ ತನ್ನ ಪ್ರಜೆಗಳಿಗೆ ಹಂಚಿತು. ಅದರಲ್ಲಿದ್ದದ್ದು 80ರ ಆಸುಪಾಸಿನ ಸಸ್ಯಗಳು. ಅನ್ನಕ್ಕೆ ಬೆರೆಸಿ ಅಕ್ಕಿ ಉಳಿಸಲು ಯಾವುದಾದೀತು ಎಂಬುದಷ್ಟೇ ಅದರ ಗುರಿ. ಝು ಸುವಿನ ಗ್ರಂಥ ಅರಮನೆಯ ದೊಡ್ಡ ಕೆಲಸ. ‘ಕಾತೆಮೊನೊ’ ಒಂದು ಸಂಸ್ಥಾನದ ಗಡಿಯೊಳಗೆ, ಅಲ್ಲಿನ ಜನರಿಗಾಗಿ ಮಾಡಿದ್ದು. ಕಿಸೆ ಕೈಪಿಡಿಯ ನಿಜವಾದ ಪೂರ್ವಜ ಎರಡನೆಯದೇ ಎನ್ನಬಹುದು.

ಇತಿಹಾಸ: ಯುದ್ಧ ಮತ್ತು ಹವ್ಯಾಸ

ಯುರೋಪಿನಲ್ಲಿ ಇಂಗ್ಲೆಂಡಿನ ನಾರಿಚ್ ನಗರದ ಚಾರ್ಲ್ಸ್ ಬ್ರಯಂಟ್ 1783ರಲ್ಲಿ ತಿನ್ನುವ ಸಸ್ಯಗಳ ಬಗ್ಗೆ ‘ಫ್ಲೋರಾ ಡಯಟೆಟಿಕಾ’ ಬರೆದ. ಬೆಳೆಸಿದ್ದು, ಕಾಡಿನದು ಎರಡೂ ಅದರಲ್ಲಿವೆ. ಆದರೆ ಅದು ಕೋಣೆಯಲ್ಲಿ ಕುಳಿತು ಓದುವ ಪುಸ್ತಕ. ಕ್ಷೇತ್ರಕ್ಕೆ ಒಯ್ಯುವ ರೂಪ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ. ಅಮೆರಿಕದಲ್ಲಿ 1893ರಲ್ಲಿ ಶ್ರೀಮತಿ ವಿಲಿಯಂ ಸ್ಟಾರ್ ಡೇನಾ ಎಂಬ ಹೆಸರಿನಲ್ಲಿ ಬಂದ ಕಾಡುಹೂಗಳ ಪುಸ್ತಕ ಸಸ್ಯಗಳನ್ನು ಕುಟುಂಬದ ಪ್ರಕಾರ ಜೋಡಿಸದೆ ಹೂವಿನ ಬಣ್ಣದ ಪ್ರಕಾರ ಜೋಡಿಸಿತು. 1934ರಲ್ಲಿ ರೋಜರ್ ಟೋರಿ ಪೀಟರ್‌ಸನ್ ತನ್ನ ಹಕ್ಕಿಗಳ ಕೈಪಿಡಿಯಲ್ಲಿ ಪ್ರತಿ ಚಿತ್ರದ ಮೇಲೂ ಮುಖ್ಯ ಗುರುತಿಗೆ ಗೆರೆ ಎಳೆದು ತೋರಿಸುವ ಪದ್ಧತಿ ತಂದ. ಮುಂದೆ ಎಲ್ಲ ಬಗೆಯ ಕ್ಷೇತ್ರ ಕೈಪಿಡಿಗಳೂ ಇದನ್ನು ಅನುಸರಿಸಿದವು.

ಎರಡನೆಯ ಮಹಾಯುದ್ಧ ಈ ಪುಸ್ತಕಗಳನ್ನು ಮತ್ತೆ ಹಸಿವಿನ ಬಳಿಗೆ ತಂದಿತು. ಲೆನಿನ್‌ಗ್ರಾಡ್ ಮುತ್ತಿಗೆಯ ನಡುವೆ, 1942ರಲ್ಲಿ, ಅಲ್ಲಿನ ಸಸ್ಯವಿಜ್ಞಾನಿಗಳು ನಗರದ ಸುತ್ತ ಸಿಗುವ ತಿನ್ನಬಹುದಾದ ಕಾಡುಸಸ್ಯಗಳ ಕಿರುಪುಸ್ತಕ ಹೊರತಂದರು. 1943ರಲ್ಲಿ ಅಮೆರಿಕದ ಯುದ್ಧ ಇಲಾಖೆ ಪೆಸಿಫಿಕ್ ದ್ವೀಪಗಳಲ್ಲಿ ಸಿಕ್ಕಿಬೀಳಬಹುದಾದ ಸೈನಿಕರಿಗಾಗಿ, ತುರ್ತು ಆಹಾರದ ಸಸ್ಯಗಳು ಮತ್ತು ವಿಷಸಸ್ಯಗಳು ಎರಡನ್ನೂ ಒಟ್ಟಿಗೆ ಕೊಡುವ ಕೈಪಿಡಿ ಅಚ್ಚುಹಾಕಿಸಿತು. ಬರೆದವನು ಎಲ್ಮರ್ ಡ್ರೂ ಮೆರಿಲ್, ಎರಡು ದಶಕ ಫಿಲಿಪ್ಪೀನ್ಸಿನಲ್ಲಿ ಸಸ್ಯಗಳ ನಡುವೆ ಕಳೆದವನು. ತಿನ್ನುವುದನ್ನೂ ವಿಷವನ್ನೂ ಒಂದೇ ರಟ್ಟಿನೊಳಗೆ ಇಟ್ಟದ್ದು ಈ ಪ್ರಕಾರದ ಬೆಳವಣಿಗೆಯಲ್ಲಿ ಮುಖ್ಯ ಹೆಜ್ಜೆ. ಅದೇ ವರ್ಷ ಹಾರ್ವರ್ಡ್‌ನ ಮೆರಿಟ್ ಫರ್ನಾಲ್ಡ್, ಆಲ್ಫ್ರೆಡ್ ಕಿನ್ಸಿಯ ಜೊತೆಗೂಡಿ, ಪೂರ್ವ ಉತ್ತರ ಅಮೆರಿಕದ ಖಾದ್ಯ ಕಾಡುಸಸ್ಯಗಳ ಪುಸ್ತಕ ತಂದ.

ಶಾಂತಿಕಾಲದಲ್ಲಿ ಓದುಗ ಬದಲಾದ. 1962ರ ಯೂಯೆಲ್ ಗಿಬ್ಬನ್ಸ್ ಕೃತಿ ಅಮೆರಿಕದಲ್ಲೂ 1972ರ ರಿಚರ್ಡ್ ಮೇಬಿಯ ‘ಫುಡ್ ಫಾರ್ ಫ್ರೀ’ ಬ್ರಿಟನ್ನಿನಲ್ಲೂ ಕಾಡಿನ ಊಟವನ್ನು ಆಸಕ್ತಿಯ ವಿಷಯವಾಗಿಸಿದವು. ಮೇಬಿಯ ಪುಸ್ತಕ ಮುಂದೆ ಅಂಗೈಯಗಲದ ಆವೃತ್ತಿಯಾಗಿಯೂ ಬಂತು. 1977ರಲ್ಲಿ ಲೀ ಅಲನ್ ಪೀಟರ್‌ಸನ್ ತನ್ನ ತಂದೆಯ ಮಾದರಿಯಲ್ಲಿ ರಚಿಸಿದ ಕೈಪಿಡಿ 370ಕ್ಕೂ ಹೆಚ್ಚು ಸಸ್ಯಗಳನ್ನು ಹೂವಿನ ಬಣ್ಣ ಮತ್ತು ಆಕಾರದ ಪ್ರಕಾರ ಜೋಡಿಸಿ, ಹೋಲುವ ವಿಷಸಸ್ಯಗಳನ್ನೂ ಚಿತ್ರಿಸಿತು. ಸ್ಯಾಮ್ಯುಯೆಲ್ ಥೇಯರ್ 2006ರಿಂದ ಬರೆದ ಪುಸ್ತಕಗಳು ಇನ್ನೊಂದು ದಾರಿ ಹಿಡಿದವು. ಅವನು ಕೆಲವೇ ಸಸ್ಯಗಳನ್ನು ಆರಿಸಿಕೊಂಡು, ಪ್ರತಿಯೊಂದಕ್ಕೂ ಹಲವು ಪುಟ ಕೊಟ್ಟು, ತಾನೇ ಕಿತ್ತು ಬೇಯಿಸಿ ತಿಂದದ್ದನ್ನು ಬರೆದ.

ಭಾರತ ಮತ್ತು ಕರ್ನಾಟಕ

ಭಾರತದಲ್ಲೂ ಮೊದಲ ಮುದ್ರಿತ ಪಟ್ಟಿಗಳು ಬರದ ಕೂಸುಗಳೇ. 1876-78ರ ಮಹಾಕ್ಷಾಮದ ನಂತರ ದಕ್ಷಿಣದಲ್ಲಿ ಜನ ತಿಂದು ಬದುಕಿದ ಕಾಡುಸಸ್ಯಗಳ ಪಟ್ಟಿಗಳು ಅಚ್ಚಾದವು. 1902ರಲ್ಲಿ ಜಿ. ಎ. ಗ್ಯಾಮಿ ಮುಂಬಯಿ ಪ್ರೆಸಿಡೆನ್ಸಿಯ ಬರಗಾಲದ ಆಹಾರಸಸ್ಯಗಳ ಬಗ್ಗೆ ಟಿಪ್ಪಣಿ ಪ್ರಕಟಿಸಿದ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆ ಪ್ರೆಸಿಡೆನ್ಸಿಯಲ್ಲಿದ್ದವು. ಇವೆಲ್ಲ ಆಡಳಿತಗಾರರಿಗಾಗಿ ಇಂಗ್ಲಿಷಿನಲ್ಲಿ ಬರೆದವು. ಸೊಪ್ಪು ಕೀಳುವ ಕೈಗೆ ಅವು ತಲುಪಲಿಲ್ಲ, ತಲುಪಬೇಕಾದ ಅಗತ್ಯವೂ ಇರಲಿಲ್ಲ. ಆ ತಿಳಿವಳಿಕೆ ಬಂದದ್ದೇ ಆ ಕೈಗಳಿಂದ.

ಕರ್ನಾಟಕದಲ್ಲಿ ಕಾಡುತಿನಿಸು ಬರಗಾಲಕ್ಕೆ ಮೀಸಲಾದುದಲ್ಲ. ಹಳೆ ಮೈಸೂರು ಸೀಮೆಯಲ್ಲಿ ಮಳೆ ಬಿದ್ದ ಮೇಲೆ ಹೊಲದಲ್ಲಿ ಕಿತ್ತ ಹಲವು ಬಗೆಯ ಎಲೆಗಳ ಬೆರಕೆಸೊಪ್ಪಿನ ಸಾರು ಈಗಲೂ ಮನೆಯ ಊಟ. ತುಳುನಾಡಿನಲ್ಲಿ ಆಟಿ ತಿಂಗಳ ತಜಂಕ್, ಮಲೆನಾಡಿನಲ್ಲಿ ಮರಕೆಸುವಿನ ಪತ್ರೊಡೆ ಮತ್ತು ಕಳಲೆ, ಕೊಡಗಿನಲ್ಲಿ ಕಕ್ಕಡ ಮಾಸದ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ, ಸೋಲಿಗರು ಮತ್ತು ಜೇನುಕುರುಬರ ಕಾಡುಗೆಣಸು ಇವೆಲ್ಲ ಕಾಲ ನೋಡಿ ತಿನ್ನುವ ಪದ್ಧತಿಗಳು. ಕಾರೆ, ಕವಳಿ, ಬಿಕ್ಕೆ, ನೇರಳೆ, ಮುರುಗಲು ಹಣ್ಣುಗಳನ್ನು ಗುರುತಿಸಲು ಹಳ್ಳಿಯ ಮಕ್ಕಳಿಗೆ ಪುಸ್ತಕ ಬೇಕಿರಲಿಲ್ಲ. ದನ ಕಾಯುವುದು, ಸೌದೆಗೆ ಹೋಗುವುದು, ಹೊಲ ಕಳೆಯುವುದು ಈ ಕೆಲಸಗಳ ಜೊತೆಗೇ ಅದು ಬರುತ್ತಿತ್ತು. ಆ ಕೆಲಸಗಳು ತಪ್ಪಿದ ಮನೆಗಳಲ್ಲಿ ಕೈಪಿಡಿಯ ಅಗತ್ಯ ಹುಟ್ಟುತ್ತದೆ.

ರಾಜ್ಯದ ಸಸ್ಯವಿಜ್ಞಾನ ಇದಕ್ಕೆ ಗಟ್ಟಿ ಬುನಾದಿ ಹಾಕಿದೆ. ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕೋಲ್ಸನ್ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಾವಳಿ 1976ರಲ್ಲಿ ಬಂತು. ಕರ್ನಾಟಕ ಸಸ್ಯಾವಳಿಯ ಮೊದಲ ಸಂಪುಟ 1984ರಲ್ಲಿ ಬಂತು. ಕೆ. ಗೋಪಾಲಕೃಷ್ಣ ಭಟ್ಟರ ಉಡುಪಿ ಸಸ್ಯಾವಳಿ 2003ರದು. ಪುದುಚೇರಿಯ ಫ್ರೆಂಚ್ ಸಂಸ್ಥೆಯಿಂದ 1987ರಲ್ಲಿ ಪಾಸ್ಕಲ್ ಮತ್ತು ಬಿ. ಆರ್. ರಮೇಶ್ ತಂದ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ ಮತ್ತು ಹೆಬ್ಬಳ್ಳಿಗಳ ಕ್ಷೇತ್ರ ಕೀಲಿ ತಿನಿಸಿನ ಪುಸ್ತಕವಲ್ಲ. ಆದರೂ ಹೂವಿಲ್ಲದಿದ್ದಾಗ ಎಲೆ, ತೊಟ್ಟು, ಸೊನೆಗಳಿಂದಲೇ ಗುರುತು ಹಿಡಿಯುವುದಕ್ಕೆ ಅದೊಂದು ಮಾದರಿ. ಕನ್ನಡ ಗದ್ಯದಲ್ಲಿ ಸಸ್ಯ ಹುಡುಕಾಟದ ಸಂತೋಷವನ್ನು ತಂದ ಕೃತಿ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ರಚನೆ

ಕೈಪಿಡಿಯ ಜೋಡಣೆಯಲ್ಲಿ ನಾಲ್ಕು ದಾರಿಗಳಿವೆ. ಕುಟುಂಬದ ಪ್ರಕಾರ ಜೋಡಿಸಿದರೆ ಸಸ್ಯಶಾಸ್ತ್ರ ಬಲ್ಲವರಿಗೆ ಸುಲಭ. ಹೂವಿನ ಬಣ್ಣದ ಪ್ರಕಾರ ಜೋಡಿಸಿದರೆ ಹೊಸಬರಿಗೆ ಸುಲಭ, ಆದರೆ ಸೊಪ್ಪು ಕೀಳುವ ಕಾಲದಲ್ಲಿ ಎಷ್ಟೋ ಗಿಡಗಳಲ್ಲಿ ಹೂವೇ ಇರುವುದಿಲ್ಲ. ತಿನ್ನುವ ಭಾಗದ ಪ್ರಕಾರ ಜೋಡಿಸುವುದು ಝು ಸುವಿನ ದಾರಿ. ನೆಲೆ ಮತ್ತು ಋತುವಿನ ಪ್ರಕಾರ ಜೋಡಿಸುವುದು ನಾಲ್ಕನೆಯದು: ಮುಂಗಾರಿನ ಹೊಲ, ಆಟಿಯ ತೋಟ, ಬೇಸಿಗೆಯ ಕುರುಚಲು ಹೀಗೆ. ನಮ್ಮ ಮಾನ್ಸೂನ್ ನೆಲಕ್ಕೆ ಕೊನೆಯದು ಹೆಚ್ಚು ಹೊಂದುತ್ತದೆ. ನಮ್ಮ ಜನರ ನೆನಪು ಕೂಡ ತಿಂಗಳು, ಮಳೆ ನಕ್ಷತ್ರಗಳ ಸುತ್ತಲೇ ಜೋಡಣೆಯಾಗಿದೆ.

ಇವುಗಳ ಜೊತೆಗೆ ಗುರುತು ಕೀಲಿ ಇರುತ್ತದೆ. ಎಲೆ ಎದುರುಬದುರೋ ಒಂದು ಬಿಟ್ಟು ಒಂದೋ, ಸೊನೆ ಇದೆಯೋ ಇಲ್ಲವೋ ಎಂದು ಎರಡೆರಡು ಕವಲಾಗಿ ಪ್ರಶ್ನೆ ಕೇಳುತ್ತ ಒಂದು ಹೆಸರಿಗೆ ಮುಟ್ಟಿಸುವ ಕ್ರಮ ಇದು. ಫ್ರಾನ್ಸಿನ ಲಾಮಾರ್ಕ್ 1778ರ ತನ್ನ ಸಸ್ಯಾವಳಿಯಲ್ಲಿ ಇದನ್ನು ಬಳಕೆಗೆ ತಂದ. ಕೀಲಿಗೆ ಒಂದು ಅಪಾಯವಿದೆ. ಪುಸ್ತಕದಲ್ಲಿ ಇಲ್ಲದ ಗಿಡವೂ ಕೀಲಿಯ ದಾರಿಯಲ್ಲಿ ನಡೆದು ಯಾವುದೋ ಒಂದು ಹೆಸರಿಗೆ ಬಂದು ನಿಲ್ಲುತ್ತದೆ. ಕೀಲಿಯ ಕೊನೆಗೆ ಬಂದ ಮೇಲೆ ಪೂರ್ಣ ವಿವರಣೆಯನ್ನು ಒಂದೊಂದಾಗಿ ಹೊಂದಿಸಿ ನೋಡಬೇಕು, ಒಂದು ಲಕ್ಷಣ ಹೊಂದದಿದ್ದರೂ ಗಿಡವನ್ನು ಕೈಬಿಡಬೇಕು.

ಗುರುತಿನ ಲಕ್ಷಣಗಳು: ಕಾಡುಗೆಣಸು

ಒಳ್ಳೆಯ ಬರಹ ಹೇಗಿರಬೇಕೆಂಬುದನ್ನು ಕಾಡುಗೆಣಸುಗಳಷ್ಟು ಸ್ಪಷ್ಟವಾಗಿ ತೋರಿಸುವ ಗುಂಪು ಇನ್ನೊಂದಿಲ್ಲ. ಡಯಾಸ್ಕೋರಿಯ ಕುಲದ ಈ ಬಳ್ಳಿಗಳಲ್ಲಿ ಸುಟ್ಟು ಹಾಗೆಯೇ ತಿನ್ನಬಹುದಾದವೂ ಇವೆ, ದಿನಗಟ್ಟಲೆ ನೀರಿನಲ್ಲಿ ಹದಮಾಡದಿದ್ದರೆ ಪ್ರಾಣಕ್ಕೇ ಮುಳುವಾಗುವವೂ ಇವೆ. ಎಲೆ ಉದುರಿದ ಮೇಲೆ, ಚಳಿಗಾಲ ಬೇಸಿಗೆಗಳಲ್ಲಿ, ಒಣಗಿದ ಬಳ್ಳಿಯನ್ನಷ್ಟೇ ನೋಡಿ ಅಗೆಯಬೇಕಾಗುವುದರಿಂದ ಗುರುತು ಇನ್ನೂ ಕಠಿಣ.

ಪೂರ್ವ ದೇಶಗಳ ಡಯಾಸ್ಕೋರಿಯಗಳ ಬಗ್ಗೆ ಡೇವಿಡ್ ಪ್ರೇನ್ ಮತ್ತು ಐ. ಎಚ್. ಬರ್ಕಿಲ್ 1936 ಮತ್ತು 1939ರಲ್ಲಿ ಕಲ್ಕತ್ತಾ ಸಸ್ಯೋದ್ಯಾನದ ಮಾಲೆಯಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಆಧಾರ. ಬಳ್ಳಿ ಯಾವ ಕಡೆಗೆ ಸುತ್ತುತ್ತದೆ ಎಂಬುದು ಅದರಲ್ಲಿ ಗುಂಪುಗಳನ್ನು ಬೇರೆಮಾಡುವ ಪ್ರಧಾನ ಲಕ್ಷಣ. ಡಯಾಸ್ಕೋರಿಯ ಅಲಾಟ, ಅಪೋಸಿಟಿಫೋಲಿಯ, ವಾಲಿಚಿಯೈ, ಹ್ಯಾಮಿಲ್ಟೋನಿಯೈ ಇವು ಬಲಕ್ಕೆ ಸುತ್ತುವ ಗುಂಪಿನವು. ಎಲೆ ಒಂಟಿ, ಬಹುಪಾಲು ಎದುರುಬದುರು. ನಮ್ಮ ಕಡೆ ತಿನ್ನುವ ಸೌಮ್ಯ ಗೆಣಸುಗಳಲ್ಲಿ ಹಲವು ಈ ಗುಂಪಿಗೆ ಸೇರಿವೆ. ಎಡಕ್ಕೆ ಸುತ್ತುವವುಗಳಲ್ಲಿ ಮೂರನ್ನು ಬೇರೆಬೇರೆಯಾಗಿ ತಿಳಿಯಬೇಕು. ಬಲ್ಬಿಫೆರ ಜಾತಿಗೆ ಹೃದಯಾಕಾರದ ಒಂಟಿ ಎಲೆ, ಒಂದು ಬಿಟ್ಟು ಒಂದು. ಎಲೆಯ ಕಂಕುಳಲ್ಲಿ ಆಲೂಗೆಡ್ಡೆಯಂಥ ಗಾಳಿಗೆಡ್ಡೆಗಳು ಕಟ್ಟುತ್ತವೆ. ಕಾಡಿನ ತಳಿಗಳು ಬಹುಪಾಲು ಕಹಿ, ಹದಮಾಡದೆ ತಿನ್ನಬಾರದು. ಪೆಂಟಫಿಲ್ಲ ಜಾತಿಗೆ ಸಾಮಾನ್ಯವಾಗಿ ಐದು ಕಿರುಎಲೆಗಳು, ಗೆಡ್ಡೆ ತಿನ್ನುವಂಥದು. ಹಿಸ್ಪಿಡ ಜಾತಿಗೆ ಮೂರು ಕಿರುಎಲೆಗಳು, ಬಳ್ಳಿಯ ಮೇಲೆ ಮುಳ್ಳು. ಅದರ ಗೆಡ್ಡೆಯಲ್ಲಿ ಡಯಾಸ್ಕೋರಿನ್ ಎಂಬ ನರವಿಷವಿದೆ. ಅದನ್ನು ತಿನ್ನುವ ಸಮುದಾಯಗಳು ತೆಳ್ಳಗೆ ಹೆಚ್ಚಿ ಹರಿಯುವ ನೀರಿನಲ್ಲಿ ಹಲವು ದಿನ ಇಟ್ಟು ಆಮೇಲೆ ಬೇಯಿಸುತ್ತವೆ.

ಅಪಾಯವಿರುವುದು ಈ ಕೊನೆಯ ಜೋಡಿಯಲ್ಲಿ. ಪೆಂಟಫಿಲ್ಲದ ಬಳ್ಳಿಯಲ್ಲಿ ಕೆಲವು ಎಲೆಗಳು ಮೂರೇ ಕಿರುಎಲೆಗಳಾಗಿರುವುದುಂಟು. ಹಾಗಾಗಿ ಒಂದು ಎಲೆ ನೋಡಿ ತೀರ್ಮಾನಿಸದೆ ಬಳ್ಳಿಯುದ್ದಕ್ಕೂ ನೋಡಬೇಕು. ಸುತ್ತುವ ದಿಕ್ಕಿನ ವಿಷಯದಲ್ಲೂ ಎಚ್ಚರ ಬೇಕು. ಮೇಲಿನಿಂದ ನೋಡಿದರೆ ಒಂದು ದಿಕ್ಕು, ಬುಡದಿಂದ ನೋಡಿದರೆ ಇನ್ನೊಂದು. ಬರೆದವರು ಯಾವ ನೆಲೆಯಿಂದ ನೋಡಿದರೆಂಬುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಬಲ, ಎಡ ಎಂಬ ಮಾತನ್ನು ಬಿಟ್ಟು, ಕೋಲಿಗೆ ಹಬ್ಬಿದ ಬಳ್ಳಿಯ ಚಿತ್ರವನ್ನೇ ಕೊಡುವುದು ನಿಶ್ಚಿತ ದಾರಿ. ಬಲಕ್ಕೆ ಸುತ್ತುವುದೆಲ್ಲ ಒಳ್ಳೆಯದು, ಎಡಕ್ಕೆ ಸುತ್ತುವುದೆಲ್ಲ ಕೆಟ್ಟದ್ದು ಎಂಬ ಸೂತ್ರವೂ ಸಲ್ಲದು. ಬೆಳೆಸುವ ಎಸ್ಕುಲೆಂಟ ಗೆಣಸೂ ಪೆಂಟಫಿಲ್ಲದಂತೆ ಎಡಕ್ಕೇ ಸುತ್ತುತ್ತದೆ. ದಿಕ್ಕು ಗುಂಪನ್ನಷ್ಟೇ ಹೇಳುತ್ತದೆ. ಜಾತಿಯನ್ನು ಹೇಳಬೇಕಾದದ್ದು ಎಲೆ, ಮುಳ್ಳು, ಗಾಳಿಗೆಡ್ಡೆ, ನೆಲದೊಳಗಿನ ಗೆಡ್ಡೆಯ ಆಕಾರ ಎಲ್ಲವೂ ಸೇರಿ.

ಗೆಣಸೇ ಅಲ್ಲದ ಗೆಡ್ಡೆ ಇದಕ್ಕಿಂತಲೂ ದೊಡ್ಡ ಶತ್ರು. ಗೌರಿಹೂ ಅಥವಾ ಅಗ್ನಿಶಿಖೆ ಎನ್ನುವ ಗ್ಲೋರಿಯೋಸ ಸುಪರ್ಬ ಬೇಲಿ ಕುರುಚಲುಗಳಲ್ಲಿ ಕಾಡುಗೆಣಸಿನ ಜೊತೆಗೇ ಹಬ್ಬುತ್ತದೆ. ಅದರ ಗೆಡ್ಡೆಯನ್ನು ಗೆಣಸೆಂದು ಬೇಯಿಸಿ ತಿಂದು ಸತ್ತವರ ವರದಿಗಳು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ವೈದ್ಯಕೀಯ ಸಾಹಿತ್ಯದಲ್ಲಿವೆ. ಅದರಲ್ಲಿರುವ ಕಾಲ್ಚಿಸಿನ್ ಬೇಯಿಸಿದರೆ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿಭೇದಿ ಶುರುವಾಗುತ್ತದೆ, ಮುಂದಿನ ದಿನಗಳಲ್ಲಿ ಮೂಳೆಮಜ್ಜೆ ಮತ್ತು ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತದೆ. ಬೇರ್ಪಡಿಸುವ ಗುರುತುಗಳು ಖಚಿತ. ಗ್ಲೋರಿಯೋಸದ ಎಲೆಯ ತುದಿಯೇ ಸುರುಳಿ ಕುಡಿಯಾಗಿ ಆಸರೆ ಹಿಡಿಯುತ್ತದೆ, ಎಲೆಗೆ ತೊಟ್ಟಿಲ್ಲ, ನರಗಳು ಉದ್ದಕ್ಕೆ ಸಮಾಂತರ. ಗೆಣಸಿನ ಎಲೆಗೆ ತೊಟ್ಟಿದೆ, ತುದಿಯಲ್ಲಿ ಕುಡಿಯಿಲ್ಲ, ಬುಡದಿಂದ ಹೊರಟ ಬಾಗಿದ ನರಗಳ ನಡುವೆ ಬಲೆಯಂಥ ನರಗಳಿವೆ. ಗ್ಲೋರಿಯೋಸದ ಗೆಡ್ಡೆ ಎರಡು ಕವಲಾಗಿ ಕೋನದಂತೆ ಬಾಗಿರುತ್ತದೆ. ಎಲೆ ಕಾಣದ ಕಾಲದಲ್ಲಿ ಇವೆರಡನ್ನು ಬೇರೆಮಾಡಲು ಬಾರದವರು ಅಗೆಯಬಾರದು. ಈ ವಾಕ್ಯ ಯಾವ ಕೈಪಿಡಿಯಲ್ಲೂ ದಪ್ಪ ಅಕ್ಷರದಲ್ಲಿರಬೇಕು.

ವಿಷದ ಹೋಲಿಕೆಗಳು

ತಗಚೆ ಅಥವಾ ತಜಂಕಿನ ಎಳೆಯ ಸೊಪ್ಪು ಕರಾವಳಿಯ ಪ್ರೀತಿಯ ಪಲ್ಯ. ಅದರ ಹತ್ತಿರದ ನೆಂಟ ಸೆನ್ನ ಆಕ್ಸಿಡೆಂಟಾಲಿಸ್, ಕೆಲವೆಡೆ ದೊಡ್ಡ ತಗಚೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ಮಕ್ಕಳ ಯಕೃತ್ತು, ಸ್ನಾಯು, ಮೆದುಳುಗಳಿಗೆ ತಟ್ಟುತ್ತಿದ್ದ ಮಾರಕ ಕಾಯಿಲೆಗೆ ಇದರ ಕಾಳು ಕಾರಣವೆಂದು 2007ರಲ್ಲಿ ಸಂಶೋಧಕರು ತೋರಿಸಿದರು. ತಗಚೆಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆಗಳು, ತುದಿ ದುಂಡಗೆ, ಕಾಯಿ ತೆಳ್ಳಗೆ ಉದ್ದ. ಇನ್ನೊಂದಕ್ಕೆ ನಾಲ್ಕೈದು ಜೊತೆ ಕಿರುಎಲೆಗಳು, ತುದಿ ಚೂಪು, ಕಾಯಿ ಚಪ್ಪಟೆ.

ಯುರೋಪಿನ ಕೈಪಿಡಿಗಳಿಗೆ ಕ್ಯಾರೆಟ್ ಕುಟುಂಬವೇ ಪರೀಕ್ಷೆ. ಕಾಡು ಕ್ಯಾರೆಟ್ಟಿನ ಕಾಂಡ ರೋಮಮಯ. ಸಾಕ್ರಟೀಸ್ ಕುಡಿದ ವಿಷದ ಹೆಮ್ಲಾಕಿನ ಕಾಂಡ ನುಣುಪು, ಮೇಲೆ ನೇರಳೆ ಮಚ್ಚೆ. ಅಲ್ಲಿ ವಿಷದ ಕಾಲ್ಚಿಕಂ ಎಲೆಯನ್ನು ಕಾಡು ಬೆಳ್ಳುಳ್ಳಿ ಎಲೆಯೆಂದು ತಪ್ಪುತಿಳಿದು ತಿಂದು ಸಾವುಗಳೂ ಆಗಿವೆ. ವಾಸನೆ ನೋಡಿ ಎಂಬ ಸಲಹೆ ಅಲ್ಲಿ ಸಾಲದು. ನಾಲ್ಕು ಬೆಳ್ಳುಳ್ಳಿ ಎಲೆ ಕಿತ್ತ ಬೆರಳಿಗೆ ಐದನೆಯ ವಿಷದೆಲೆಯೂ ಬೆಳ್ಳುಳ್ಳಿಯಂತೆಯೇ ವಾಸನೆ ಕೊಡುತ್ತದೆ.

ಒಂದು ನಾಡಿನ ಎಚ್ಚರಿಕೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಗಣಿಕೆ ಸೊಪ್ಪನ್ನು ನಾವು ಬೇಯಿಸಿ ಉಣ್ಣುತ್ತೇವೆ, ಹಣ್ಣಾದ ಕಪ್ಪು ಕಾಯಿಯನ್ನು ಮಕ್ಕಳು ತಿನ್ನುತ್ತಾರೆ. ಹಸಿರು ಕಾಯಿ ವಿಷ. ಹಲವು ಯುರೋಪಿಯನ್ ಪುಸ್ತಕಗಳು ಇಡೀ ಗಿಡವನ್ನೇ ವಿಷದ ಪಟ್ಟಿಗೆ ಸೇರಿಸಿವೆ. ಅಲ್ಲಿ ಅದನ್ನು ಹೋಲುವ ಮಾರಕ ಬೆಲ್ಲಡೋನ ಬೆಳೆಯುತ್ತದೆ, ನಮ್ಮಲ್ಲಿಲ್ಲ. ನಮ್ಮ ಪುಸ್ತಕ ಎಚ್ಚರಿಸಬೇಕಾದದ್ದು ಬೆರಕೆಸೊಪ್ಪಿನೊಳಗೆ ಸೇರಿಬಿಡಬಹುದಾದ ಉಮ್ಮತ್ತಿಯ ಎಳೆ ಎಲೆಯ ಬಗ್ಗೆ.

ಹದದ ವಿವರ

ಗುರುತು ಸರಿಯಿದ್ದೂ ಹದ ತಪ್ಪಿದರೆ ಕೈಪಿಡಿ ಸೋತಂತೆ. ಕೆಸುವಿನಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ. ಹುಣಸೆ, ವಾಟೆಹುಳಿಯೊಂದಿಗೆ ಚೆನ್ನಾಗಿ ಬೇಯಿಸುವ ಮಲೆನಾಡಿನ ಕ್ರಮಕ್ಕೆ ಕಾರಣ ಇದೇ. ಕಳಲೆಯಲ್ಲಿ ಸಯನೈಡ್ ಹೊರಡಿಸುವ ಅಂಶವಿದೆ. ಹೆಚ್ಚಿ ನೀರು ಬದಲಿಸುತ್ತ ಮೂರು ದಿನ ನೆನೆಸುವ ರೂಢಿ ಅದನ್ನು ತೆಗೆಯುತ್ತದೆ. ‘ಬೇಯಿಸಿ ತಿನ್ನಿ’ ಎಂಬ ಎರಡು ಪದ ಇಂಥಲ್ಲಿ ಸಾಲದು. ಎಷ್ಟು ಹೊತ್ತು, ಎಷ್ಟು ನೀರು, ನೀರು ಚೆಲ್ಲಬೇಕೋ ಬೇಡವೋ ಎಂಬುದು ಬರೆದಿರಬೇಕು.

ಚಿತ್ರ ಮತ್ತು ಗಾತ್ರ

ರೇಖಾಚಿತ್ರ ಲಕ್ಷಣಗಳನ್ನು ಆರಿಸಿ ತೋರಿಸುತ್ತದೆ. ಛಾಯಾಚಿತ್ರ ಒಂದು ಗಿಡದ ಒಂದು ಕ್ಷಣವನ್ನು ತೋರಿಸುತ್ತದೆ. ಎರಡೂ ಇದ್ದರೆ ಒಳ್ಳೆಯದು, ಒಂದೇ ಸಾಧ್ಯವಾದರೆ ರೇಖಾಚಿತ್ರ ಮೇಲು. ಮಳೆಗಾಲದಲ್ಲಿ ಬಳಸುವ ಪುಸ್ತಕಕ್ಕೆ ನೀರು ತಡೆಯುವ ಹೊದಿಕೆ, ಹೊಲಿದ ಕಟ್ಟು, ರಟ್ಟಿನ ಅಂಚಿನಲ್ಲಿ ಅಳತೆಪಟ್ಟಿ ಬೇಕು.

ಮಿತಿಗಳು

ಮೊದಲ ದೋಷ ನಕಲು. ಅಮೆರಿಕದ ಹಾಲುಗಿಡವೊಂದರ ಚಿಗುರು ಕಹಿ, ಹಲವು ನೀರಿನಲ್ಲಿ ಕುದಿಸಬೇಕು ಎಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ಸಾಗಿ ಬಂದಿತ್ತು. ಅದು ಬೇರೊಂದು ಕಹಿ ಗಿಡದೊಂದಿಗಿನ ಗೊಂದಲದಿಂದ ಬಂದಿರಬೇಕೆಂದು ಥೇಯರ್ ವಾದಿಸಿದ. ಅಲ್ಲಿ ತಿನ್ನುವ ಆ ಗಿಡದ ನೆಂಟನಾದ ನಮ್ಮ ಎಕ್ಕ ವಿಷವೆಂಬುದನ್ನೂ ನೆನಪಿಡಬೇಕು.

ಎರಡನೆಯದು ಮೌನ. 1992ರಲ್ಲಿ ಅಲಾಸ್ಕದಲ್ಲಿ ಸತ್ತ ಕ್ರಿಸ್ಟೋಫರ್ ಮೆಕ್ಯಾಂಡ್ಲೆಸ್ ಬಳಿ ಅಲ್ಲಿನ ಮೂಲನಿವಾಸಿಗಳ ಸಸ್ಯಜ್ಞಾನದ ಬಗೆಗಿನ ಪ್ರಿಸಿಲ್ಲ ರಸೆಲ್ ಕಾರಿಯ ಒಳ್ಳೆಯ ಪುಸ್ತಕವಿತ್ತು. ಅದು ಹೆಡಿಸಾರಂ ಗಿಡದ ಬೇರನ್ನು ತಿನ್ನಬಹುದೆಂದು ಹೇಳಿತ್ತು. ಅವನು ಅದರ ಬೀಜಗಳನ್ನೂ ತಿಂದ. ಬೀಜದ ವಿಷ ಅವನನ್ನು ದುರ್ಬಲಗೊಳಿಸಿತೇ, ಹಸಿವೇ ಕಾರಣವೇ ಎಂಬ ಚರ್ಚೆ ಮುಗಿದಿಲ್ಲ. ಪಾಠ ಮಾತ್ರ ಖಚಿತ: ಒಂದು ಭಾಗ ತಿನ್ನಬಹುದೆಂದರೆ ಉಳಿದವೂ ತಿನ್ನಬಹುದೆಂದಲ್ಲ. ಕೈಪಿಡಿ ಅದನ್ನು ಪ್ರತಿ ಪುಟದಲ್ಲೂ ಬಾಯಿಬಿಟ್ಟು ಹೇಳಬೇಕು.

ಮೂರನೆಯದು ಸಾರ್ವತ್ರಿಕ ಪರೀಕ್ಷೆಯೆಂಬ ಭ್ರಮೆ. ಅಮೆರಿಕದ ಸೇನೆಯ ಎಫ್‌ಎಂ 21-76 ಕೈಪಿಡಿ 8 ಗಂಟೆ ಉಪವಾಸ, ಚರ್ಮಕ್ಕೆ 15 ನಿಮಿಷ, ತುಟಿಗೆ 3 ನಿಮಿಷ, ನಾಲಗೆಗೆ 15 ನಿಮಿಷ, ಚೂರು ನುಂಗಿ ಮತ್ತೆ 8 ಗಂಟೆ ಕಾಯುವ ಕ್ರಮವನ್ನು ಹೇಳುತ್ತದೆ. ಬೇರೆ ದಾರಿಯೇ ಇಲ್ಲದ ಸೈನಿಕನಿಗೆ ಮಾಡಿದ ಕ್ರಮ ಅದು. ತಡವಾಗಿ ತೋರುವ ವಿಷ, ತಿಂಗಳುಗಟ್ಟಲೆ ಕೂಡಿ ಕೆಡಿಸುವ ವಿಷ ಈ ಪರೀಕ್ಷೆಗೆ ಸಿಗುವುದಿಲ್ಲ. ಮನೆಯಲ್ಲಿ ಅಕ್ಕಿಯಿರುವವರು ಇದನ್ನು ಮಾಡಬಾರದು.

ಮೊಬೈಲ್ ಸಾಧನಗಳು

ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳು ಹೆಸರಿನ ಹುಡುಕಾಟವನ್ನು ಸುಲಭಗೊಳಿಸಿವೆ. ಚಿತ್ರ ನೋಡಿ ಯಂತ್ರ ಕೊಡುವುದು ಸಂಭಾವ್ಯ ಹೆಸರು. ಕ್ಯಾಮೆರಾಗೆ ಕಾಣದ ಬೇರು, ಸೊನೆ, ವಾಸನೆ ಅದಕ್ಕೆ ತಿಳಿಯದು. ಹುಡುಕಾಟದ ಆರಂಭಕ್ಕೆ ಅದು ಸರಿ, ತಿನ್ನುವ ತೀರ್ಮಾನಕ್ಕೆ ಸಾಲದು.

ಸಂಗ್ರಹದ ಕಟ್ಟುಪಾಡು

ಗೆಡ್ಡೆ ಅಗೆದಾಗ ಬುಡದ ತುಂಡನ್ನು ಮತ್ತೆ ಹೂಳುವುದು ಕಾಡಿನ ಸಮುದಾಯಗಳ ರೂಢಿ, ಕೈಪಿಡಿಗಳೂ ಅದನ್ನು ಹೇಳಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ನಿವಾಸಿಗಳ ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಮಾನ್ಯ ಮಾಡುತ್ತದೆ, ಗೆಡ್ಡೆಗೆಣಸುಗಳೂ ಅದರಲ್ಲಿವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಪ್ರವಾಸಿಗೆ ಈ ಹಕ್ಕಿಲ್ಲ. ಔಷಧಿ ಸಿಂಪಡಿಸಿದ ಹೊಲ, ಚರಂಡಿ ನೀರು ಹರಿಯುವ ಕೆರೆಯಂಗಳಗಳ ಸೊಪ್ಪು ಗುರುತು ಸರಿಯಿದ್ದರೂ ತಿನ್ನಲು ಯೋಗ್ಯವಲ್ಲ.

ಮೌಲ್ಯಮಾಪನ

ಇಡೀ ದೇಶಕ್ಕೆ ಒಂದೇ ಕಿಸೆ ಕೈಪಿಡಿ ಸಾಧ್ಯವಿಲ್ಲ. ಪುಸ್ತಕ ಚಿಕ್ಕದಾಗಬೇಕಾದರೆ ಅದರ ಸೀಮೆಯೂ ಚಿಕ್ಕದಾಗಬೇಕು. ಕನ್ನಡಕ್ಕೆ ಬೇಕಾದದ್ದು ಬಯಲುಸೀಮೆ, ಮಲೆನಾಡು, ಕರಾವಳಿಗಳಿಗೆ ಬೇರೆಬೇರೆಯಾದ, ಐವತ್ತು ಅರವತ್ತು ಸಸ್ಯಗಳನ್ನು ಮೀರದ ಪುಸ್ತಕಗಳು. ಪ್ರತಿ ಸಸ್ಯದ ಎದುರು ಅದರ ವಿಷದ ಹೋಲಿಕೆ, ತಿನ್ನಬಾರದ ಭಾಗ, ಹದದ ಪೂರ್ಣ ವಿಧಾನ, ಆಯಾ ಊರಿನ ಹೆಸರುಗಳ ಜೊತೆಗೆ ಸಸ್ಯಶಾಸ್ತ್ರದ ಹೆಸರು ಇರಬೇಕು. ಸೊಪ್ಪು ಮಾರುವ ಅಜ್ಜಿಯರು, ಗೆಣಸು ಅಗೆಯುವವರು ಮಾಹಿತಿ ಕೊಟ್ಟವರಾಗಿ ಉಳಿಯದೆ ಲೇಖಕರಾಗಿ ಅದರಲ್ಲಿ ಕಾಣಿಸಿಕೊಳ್ಳಬೇಕು. ಅಂಥ ಪುಸ್ತಕ ಕೈಯಲ್ಲಿದ್ದರೂ ಮೊದಲ ವರ್ಷ ಬಲ್ಲವರ ಜೊತೆಯಲ್ಲೇ ಹೋಗಬೇಕು, ಸಂದೇಹ ಬಂದ ಗಿಡವನ್ನು ಅಲ್ಲೇ ಬಿಟ್ಟುಬರಬೇಕು.